ಎಂಟನೇ ಒಂದು ಪಾಲಿನ ಹುಲ್ಲುನೆಲ

ಅಂದು ಬೆಳಿಗ್ಗೆಯೂ ಎಂದಿನಂತೆ ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿದೆ. ಅವರು ಆಸ್ಪತ್ರೆಗೆ ಹೊರಟ ಮೇಲೆ ಒಗೆದ ಬಟ್ಟೆಗಳನ್ನು ಹಾಲಿನಲ್ಲಿದ್ದ ಸ್ಟ್ಯಾಂಡಿನ ಮೇಲೆ ಹರವಿದೆ. ಲಂಡನ್ನಿನ ಇಲ್ಫರ್ಡಿನಲ್ಲಿರುವ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಬಟ್ಟೆ ಹಾಕುವಂತಿಲ್ಲ. ಕಟ್ಟಡದ ನೆಲ ಬೇರೆ ಯಾರದೋ. ನಾವು ಲೀಸಿನವರು, ಏನು ಮಾಡಬೇಕಾದರೂ ಅವರ ಒಪ್ಪಿಗೆ ಬೇಕು.

ಹನ್ನೊಂದಕ್ಕೆ ವಿಡಿಯೊ ಮೀಟಿಂಗ್ ಇತ್ತು. ಯಜಮಾನರು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕೆಲಸದಲ್ಲಿದ್ದಾಗ ಕೊಂಡ ಫ್ಲ್ಯಾಟು ಇನ್ನೂ ನನ್ನ ಹೆಸರಿನಲ್ಲಿದೆ. ಎಂಟು ಮನೆಗಳ ಹಳೆಯ ಕಲ್ಲಿನ ಕಟ್ಟಡ. ಹಿತ್ತಿಲಲ್ಲಿ ಎಲ್ಲರೂ ಬಟ್ಟೆ ಒಣಗಿಸುವ ಹುಲ್ಲುನೆಲ, ನಾಲ್ಕು ಕಬ್ಬಿಣದ ಕಂಬ, ಅವುಗಳಿಗೆ ಕಟ್ಟಿದ ಹಗ್ಗ. ಮೆಟ್ಟಿಲು, ಚಾವಣಿ, ಹಿತ್ತಿಲು ನೋಡಿಕೊಳ್ಳಲು ಒಂದು ಕಂಪನಿಯಿದೆ; ಅಲ್ಲಿ ಅದಕ್ಕೆ ಫ್ಯಾಕ್ಟರ್ ಎನ್ನುತ್ತಾರೆ. ಹುಲ್ಲುನೆಲಕ್ಕೆ ಟಾರು ಹಾಕಿ ಕಾರು ನಿಲ್ಲಿಸುವ ಜಾಗ ಮಾಡೋಣವೆಂದು ಫ್ಯಾಕ್ಟರ್ ಬರೆದಿತ್ತು.

ನನ್ನ ಚಿಂತೆಯೆಲ್ಲ ಆ ಕಟ್ಟಡದ ಕೆಳಮನೆಯ ಅಜ್ಜಿಯದು. ನನ್ನ ಮೊದಲ ಮಗುವಿನ ಬಟ್ಟೆಗಳಿಗೆ ಗಾಳಿ ನೋಡಿಕೊಂಡು ಕ್ಲಿಪ್ ಹಾಕುವುದನ್ನು ಕಲಿಸಿದವರು ಅವರು. ಈಗ ಎಂಬತ್ತು ದಾಟಿದೆ. ಮನೆಯಿಂದ ಹೊರಗೆ ಕಾಲಿಡುವುದೇ ಆ ಹಗ್ಗಕ್ಕಾಗಿ. ಬಾಡಿಗೆಯವರಾದ್ದರಿಂದ ಮೀಟಿಂಗಿನಲ್ಲಿ ಅವರಿಗೆ ಮಾತಿಲ್ಲ. "ನನ್ನ ಕಂಬ ಕೀಳ್ತಾರಂತೆ" ಎಂದು ಫೋನಿನಲ್ಲಿ ಹೇಳಿ, ಮರುಕ್ಷಣವೇ ನನ್ನ ಮೊಣಕಾಲು ನೋವನ್ನು ವಿಚಾರಿಸಿದ್ದರು.

ಅಲ್ಲಿನ ನೆಲಕ್ಕೂ ಯಾರೋ ಧಣಿ ಇರುತ್ತಾರೆಂದೇ ನಾನು ನಂಬಿದ್ದೆ, ಲಂಡನ್ನಿನ ಅಭ್ಯಾಸ. 'ಮಾನ್ಯ ಜಾಗದ ಮಾಲೀಕರೇ' ಎಂದು ಕಾನ್ವೆಂಟಿನ ದುಂಡಕ್ಷರದಲ್ಲಿ ವಿನಂತಿಪತ್ರ ಬರೆದು, ತಲುಪಿಸಿರೆಂದು ಅಲ್ಲಿನ ವಕೀಲರಿಗೆ ಕಳಿಸಿದ್ದೆ. ಅವರು ಫೋನ್ ಮಾಡಿ ನಕ್ಕರು: "ಮೇಡಂ, ಈ ಪತ್ರ ನಿಮಗೇ ಬರ್ಕೊಂಡಿದ್ದೀರಿ! ಇಲ್ಲಿ ನೆಲಕ್ಕೆ ಬೇರೆ ಧಣಿಯಿಲ್ಲ, ಎಂಟು ಮನೆಯವರೇ ಮಾಲೀಕರು. ಎಂಟನೇ ಒಂದು ಪಾಲು ನಿಮ್ದೇ." ರಿಪೇರಿಗಾದರೆ ಬಹುಮತ ಸಾಕು, ಎಲ್ಲರ ನೆಲದ ರೂಪವನ್ನೇ ಬದಲಿಸಲು ಎಲ್ಲರೂ ಒಪ್ಪಬೇಕು, ನಿಮ್ಮ ಹಕ್ಕುಪತ್ರದಲ್ಲಿ ಅದಕ್ಕೆ ವಿರುದ್ಧವಾದದ್ದು ಏನೂ ಇಲ್ಲ ಎಂದರು.

ಮೀಟಿಂಗಿನಲ್ಲಿ ಏಳು ಮನೆಯವರು, ಅಜ್ಜಿಯ ಮನೆಯ ಮಾಲೀಕರೂ ಸೇರಿ, ಒಬ್ಬೊಬ್ಬರಾಗಿ ಹೂಂ ಎಂದರು. ಫ್ಯಾಕ್ಟರ್ ಕಡೆಯ ಯುವತಿ "ಸರಿ, ಬಹುಮತ ಬಂತು" ಎಂದು ಕಾಗದ ಜೋಡಿಸತೊಡಗಿದಳು. ಸಿಸ್ಟರುಗಳ ಶಾಲೆಯಲ್ಲಿ ಕೈ ಎತ್ತಿ, ಕರೆಯುವವರೆಗೆ ಕಾಯಲು ಕಲಿತವಳು ನಾನು. ಕೈ ಎತ್ತಿಕೊಂಡೇ ಕುಳಿತಿದ್ದೆ. ಯಾರೂ ನೋಡಲಿಲ್ಲ. ಕೊನೆಗೆ ಮೈಕ್ ಒತ್ತಿ, "ಕ್ಷಮಿಸಿ, ನನಗೆ ಒಪ್ಪಿಗೆಯಿಲ್ಲ" ಎಂದೆ.

"ಆಯ್ತು, ಬರ್ಕೊಳ್ತೀನಿ."

"ಬರ್ಕೊಂಡ್ರೆ ಸಾಲದಮ್ಮಾ. ಇದು ರಿಪೇರಿಯಲ್ಲ. ನಾನೊಬ್ಬಳು ಬೇಡ ಅಂದ್ರೂ ಆಗೋದಿಲ್ಲ. ಹಕ್ಕುಪತ್ರ ತೆಗೆದು ನೋಡಿ."

ಅವಳು ನೋಡಿದಳು. ಓದುವಷ್ಟು ಹೊತ್ತೂ ಅವಳ ಕಿವಿಯ ಉದ್ದನೆಯ ಲೋಲಾಕು ಅಲುಗಲಿಲ್ಲ. "ನೀವು ಹೇಳಿದ್ದು ಸರಿ" ಎಂದಳು. "ಇದನ್ನ ಇಲ್ಲಿಗೇ ಬಿಡೋಣ." ಮೇಲಿನ ಮಹಡಿಯವರು ಕ್ಯಾಮೆರಾ ಆಫ್ ಮಾಡಿದರು.

ಲ್ಯಾಪ್‌ಟಾಪ್ ಮುಚ್ಚಿದವಳೇ ಅಡುಗೆಮನೆಯಲ್ಲಿ ಒಬ್ಬಳೇ ಒಂದು ಸುತ್ತು ಕುಣಿದೆ. ಮೊಣಕಾಲು ಏನೂ ಅನ್ನಲಿಲ್ಲ! ಆಮೇಲೆ ಅಜ್ಜಿಗೆ ಫೋನ್ ಮಾಡಿದೆ. ಅವರು "ಸರಿ ಹಾಗಾದ್ರೆ, ಫೋನ್ ಇಡ್ಲಾ? ಮೆಷಿನ್ ನಿಂತಿದೆ, ಬೆಡ್‌ಶೀಟ್ ಹಗ್ಗಕ್ಕೆ ಹಾಕ್ಬೇಕು" ಎಂದರು.

ಸಂಜೆ ಎದುರು ಫ್ಲ್ಯಾಟಿನ ಧಾರವಾಡದ ಡಾಕ್ಟರ ಹೆಂಡತಿ ಕೊತ್ತಂಬರಿ ಕೇಳಲು ಬಂದರು. ಬಾಗಿಲಲ್ಲೇ ನಿಲ್ಲಿಸಿಕೊಂಡು ಎಲ್ಲವನ್ನೂ ಒಪ್ಪಿಸಿದೆ. ಅವರು ನಾನು ಕೊಟ್ಟ ಕೊತ್ತಂಬರಿ ಕಟ್ಟನ್ನು ಮೂಸಿ ನೋಡುತ್ತ ಹೇಳಿದರು: "ಛಲೋ ಮಾಡಿದ್ರಿ ಬಿಡ್ರಿ ಅಕ್ಕಾರ. ಆದ್ರ ಆ ಊರಾಗ ಮಳಿ ನಿಲ್ಲೂದು ಯಾವಾಗ, ಬಟ್ಟಿ ಒಣಗೂದು ಯಾವಾಗ್ರೀ?"