ಖಾಲಿ ಬಿಟ್ಟ ವರದಿ

ಅಪ್ಪನ ಹೃದಯದ ಎಕೋ ಪರೀಕ್ಷೆ ಮಾಡಿದ ವೈದ್ಯೆಗೆ ಕನ್ನಡಕವಿತ್ತೇ, ಹೇಳಲಾರೆ. ತಣ್ಣನೆಯ ಜೆಲ್ಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಚ್ಚುತ್ತಿದ್ದುದು ನೆನಪಿದೆ. "ನೋಡೋಣ, ಅವಸರ ಏನಿಲ್ಲ ಕಣ್ರೀ" ಎನ್ನುತ್ತಲೇ ಇರುತ್ತಿದ್ದರು.

ಹೃದಯದ ಒಂದು ಗೋಡೆ ಅಲ್ಲಾಡುತ್ತಿರಲಿಲ್ಲ. ಅಲ್ಲಿನ ಸ್ನಾಯು ಸತ್ತಿದ್ದರೆ ಬೈಪಾಸ್‌ನಿಂದ ಪ್ರಯೋಜನವಿಲ್ಲ, ರಕ್ತ ಸಾಲದೆ ಸುಮ್ಮನಿದ್ದರೆ ಮಾಡಬಹುದು ಎಂದಿದ್ದರು ಸರ್ಜನ್. ಅದನ್ನು ತಿಳಿಯಲು ವೈದ್ಯೆ ಹೃದಯವನ್ನು ಚುರುಕುಗೊಳಿಸುವ ಔಷಧಿಯನ್ನು ಡ್ರಿಪ್ಪಿನಲ್ಲಿ ಬಿಟ್ಟರು; ಸ್ನಾಯುವಿಗೆ ಜೀವವಿದ್ದರೆ ಗೋಡೆ ಮಿಸುಕಬೇಕು. ಗೋಡೆ ಮಿಸುಕಲಿಲ್ಲ. ವರದಿ ಬರೆಯಹೊರಟವರು ತಡೆದು, "ಯಜಮಾನ್ರೇ, ಬೆಳಿಗ್ಗೆ ಮಾತ್ರೆ ನುಂಗಿದ್ರಾ?" ಎಂದರು.

"ಲಿಂಗಪೂಜೆ ಮುಗಿಸಿ ತೀರ್ಥದ ಜೊತೆಗೇ ನುಂಗ್ಬುಟ್ಟೆ. ಒಂದಿನಾನೂ ತಪ್ಪಿಸಿಲ್ಲ ಕಣಮ್ಮ," ಎಂದರು ಅಪ್ಪ ಹೆಮ್ಮೆಯಿಂದ.

ಹೃದಯದ ಬಡಿತ ನಿಧಾನಿಸುವ ಆ ಮಾತ್ರೆ ಡ್ರಿಪ್ಪಿನ ಔಷಧಿಯ ಕೆಲಸವನ್ನು ತಡೆಯುತ್ತದೆ. ಪರೀಕ್ಷೆಗೆ ಮೂರು ದಿನ ಮೊದಲೇ ಅದನ್ನು ನಿಲ್ಲಿಸಿ ಎಂದು ಆಸ್ಪತ್ರೆಯವರು ಕೊಟ್ಟಿದ್ದ ಚೀಟಿ ನನ್ನ ಜೇಬಿನಲ್ಲೇ ಇತ್ತು. ನಾನದನ್ನು ಓದಿ ಮರೆತೆನೋ, ಓದಲೇ ಇಲ್ಲವೋ, ಇಂದಿಗೂ ಗೊತ್ತಿಲ್ಲ.

ವೈದ್ಯೆ ಬೈಯಲಿಲ್ಲ. ವರದಿಯನ್ನು ಖಾಲಿ ಬಿಟ್ಟು, ಮಾತ್ರೆ ನಿಲ್ಲಿಸಿ ನಾಲ್ಕನೆಯ ದಿನ ಬನ್ನಿ ಎಂದರು.

ನಾಲ್ಕನೆಯ ದಿನ ಅದೇ ಗೋಡೆ ಸಣ್ಣಗೆ ಒಳಕ್ಕೆ ಸರಿಯಿತು. ನಾನೇ ಕಂಡೆನೋ, ಅವರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದ್ದರಿಂದ ಕಂಡಂತಾಯಿತೋ. ವರದಿ ಬರೆದು ಮುಗಿಸಿದಾಗ ನಾನು ಕೈ ಚಾಚಿದೆ. ಅವರು ಅದನ್ನು ಅಪ್ಪನಿಗೆ ಕೊಟ್ಟರು. "ಸರ್ಜನ್‌ಗೆ ನೀವೇ ಕೊಡಿ ಯಜಮಾನ್ರೇ."