ತೊಗರಿ ಕಾಯಿಯೊಳಗಿನ ಹಸಿರು ಕಣಜ

ಎಪ್ಪತ್ತರ ದಶಕದ ನಡುಭಾಗ. ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಕಪ್ಪೆ, ಜಿರಲೆ ಕೊಯ್ಯುವುದು ಹೇಗೆಂದು ಹುಡುಗರಿಗೆ ತೋರಿಸುವುದು ನನ್ನ ಕೆಲಸ. ಅಪ್ಪನದು ಪೇಟೆಯಲ್ಲಿ ಚಾದರ, ಟಾವೆಲ್ ಮಾರುವ ಅಂಗಡಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಹುಳುಗಳ ಮಟ್ಟಿಗೆ ಮಾತ್ರ ಇಂಗ್ಲಿಷ್.

ಆ ವರ್ಷ ಎಳ್ಳ ಅಮಾವಾಸ್ಯೆಗೆ ನಾವೆಲ್ಲ ಅಕ್ಕಲಕೋಟದ ಆಚೆ ಇರುವ ಅತ್ತೆಯ ಊರಿಗೆ ಹೋದೆವು. ಅತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಹೊಲ, ಆಳು, ದನ ಎಲ್ಲವನ್ನೂ ತಾನೇ ನೋಡಿಕೊಂಡು ಬಂದ ಗಟ್ಟಿ ಹೆಂಗಸು. ಭೂತಾಯಿಗೆ ಎಡೆಯೆಂದು ಹೊಲದಲ್ಲಿ ಚರಗ ಚೆಲ್ಲಿ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಉಂಡದ್ದಾಯಿತು. ಎಲ್ಲರೂ ಬೇವಿನ ನೆರಳಲ್ಲಿ ಕಾಲು ಚಾಚಿದಾಗ ನಾನು ತೊಗರಿ ಸಾಲಿನೊಳಗೆ ಹೊಕ್ಕೆ. ತೊಗರಿ ಕಾಯಿಯೊಳಗೆ ಒಂದು ನೊಣ ಬೆಳೆಯುತ್ತದೆ. ಅದರ ಮರಿ ಕಾಳು ತಿಂದು, ಕಾಯಿಯಲ್ಲೇ ಕಂದು ಬಣ್ಣದ ಕೋಶ ಕಟ್ಟಿಕೊಂಡು ಮಲಗುತ್ತದೆ. ಪ್ರಾಕ್ಟಿಕಲ್ ತರಗತಿಗೆ ಆ ಕೋಶಗಳು ನನಗೆ ಬೇಕಿದ್ದವು. ಸೆರಗಿನ ತುಂಬ ಕಾಯಿ ಹರಿದುಕೊಂಡು ಬಂದೆ.

ಅತ್ತೆ ನಾಲ್ಕು ಕಾಯಿ ಸುಲಿದು ನೋಡಿ ಅಂದಳು: "ಕಾಳ ಇದ್ದದ್ದ ಬಿಟ್ಟು ಹುಳ ಇದ್ದದ್ದ ಆರಿಸ್ಕೊಂಡ ಬಂದೀಯಲ್ಲವಾ. ಇಷ್ಟ ಸಾಲಿ ಕಲತದ್ದು ಇದಕ್ಕೇನು?"

ಕಾಯಿಗಳನ್ನು ಬಾಟಲಿಗಳಿಗೆ ತುಂಬಿ, ಬಾಯಿಗೆ ಅಂಗಡಿಯ ಮಲಮಲ್ ಬಟ್ಟೆ ಕಟ್ಟಿ, ಅಡುಗೆಮನೆಯ ಕಿಟಕಿಯಲ್ಲಿ ಉಪ್ಪಿನಕಾಯಿ ಭರಣಿಗಳ ಪಕ್ಕ ಇಟ್ಟೆ. ಅವ್ವನಿಗೆ ಇದು ಸೇರಲಿಲ್ಲ. "ಬಂದವರು ಯಾವುದು ಉಪ್ಪಿನಕಾಯಿ ಅಂತ ಕೇಳಿದ್ರ ನಾ ಏನ ಹೇಳ್ಲಿ," ಎಂದು ದಿನಕ್ಕೊಮ್ಮೆ ಗೊಣಗುತ್ತಿದ್ದಳು.

ಎರಡು ವಾರದ ಹೊತ್ತಿಗೆ ಬಾಟಲಿಗಳಲ್ಲಿ ನೊಣ ಹಾರಾಡತೊಡಗಿದವು. ಒಂದರಲ್ಲಿ ಮಾತ್ರ ನೊಣವಲ್ಲದ್ದು ಮೂರು ಇದ್ದವು. ಎಳ್ಳಿಗಿಂತ ಸಣ್ಣವು. ಕಾಲೇಜಿಗೆ ಒಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಅಷ್ಟು ಸಣ್ಣ ಮೈಗೆ ನವಿಲಿನ ಕುತ್ತಿಗೆಯ ಹಸಿರು, ಓರೆಯಾಗಿ ನೋಡಿದರೆ ತಾಮ್ರದ ಹೊಳಪು. ಅಂದು ಊಟದ ಬಿಡುವಿನಲ್ಲಿ ನಾನು ಊಟ ಮಾಡಲಿಲ್ಲ.

ಅವು ಪರಾವಲಂಬಿ ಕಣಜಗಳು. ತಾಯಿ ಕಣಜ ತೊಗರಿ ಕಾಯಿಯನ್ನು ಚುಚ್ಚಿ, ಒಳಗಿನ ನೊಣದ ಕೋಶದಲ್ಲಿ ಮೊಟ್ಟೆಯಿಡುತ್ತದೆ. ಅದರ ಮರಿ ನೊಣವನ್ನು ತಿಂದು ಬೆಳೆದು, ದುಂಡಗೆ ತೂತು ಕೊರೆದು ಹೊರಗೆ ಬರುತ್ತದೆ. ರೈತನಿಗೆ ತಿಳಿಯದೆಯೇ ರೈತನ ಕೆಲಸ ಮಾಡಿಹೋಗುವ ಜೀವ. ಇಂಥ ಕಣಜಗಳ ಬಗ್ಗೆ ಇದ್ದ ಪುಸ್ತಕಗಳನ್ನೆಲ್ಲ ತರಿಸಿ ಒಂದು ತಿಂಗಳು ಹೋಲಿಸಿ ನೋಡಿದೆ. ಯಾವುದರಲ್ಲೂ ನನ್ನ ಹುಳ ಕೂಡಲಿಲ್ಲ. ಕೊನೆಗೆ ಎರಡನ್ನು ಕಾಗದದ ತುದಿಗೆ ಅಂಟಿಸಿ, ಡಬ್ಬಿಯಲ್ಲಿ ಹತ್ತಿ ತುಂಬಿ, ದಿಲ್ಲಿಯಲ್ಲಿದ್ದ ಒಬ್ಬ ಹಿರಿಯ ತಜ್ಞರಿಗೆ ಅಂಚೆಯಲ್ಲಿ ಕಳಿಸಿದೆ.

ಉತ್ತರ ಬಂದ ದಿನ ಲಕೋಟೆಯನ್ನು ಅಡುಗೆಮನೆಯಲ್ಲೇ ಒಡೆದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಏನ ಬರದಾರ?" ಎಂದು ಕೇಳಿದಳು. ಹೊಸ ಜಾತಿಯೇ ಇರಬಹುದು, ಆದರೆ ಕಳಿಸಿದ ಎರಡೂ ಹೆಣ್ಣು, ಗಂಡನ್ನೂ ನೋಡಿ ವಿವರಿಸಿದರೆ ಒಳ್ಳೆಯದು ಎಂದು ಅವರು ಬರೆದಿದ್ದರು. ಸಂತೋಷದಲ್ಲಿ ನಾನು ಅರ್ಧವಷ್ಟೇ ಹೇಳಿದೆ: "ಗಂಡು ಸಿಗೂತನಾ ಮುಂದ ಹೋಗಬ್ಯಾಡ ಅಂದಾರ. ಲಗೂನ ಗಂಡು ಹುಡುಕಬೇಕಂತ."

ಅವ್ವನ ಕೈ ರೊಟ್ಟಿಯ ಮೇಲೆ ನಿಂತಿತು. "ನೋಡು, ದಿಲ್ಲಿಯವರಿಗೆ ಗೊತ್ತಾತು. ನಿಮ್ಮಪ್ಪಗ ಇನ್ನೂ ಗೊತ್ತಾಗವಲ್ದು," ಅಂದಳು.

ಯಾರ ಗಂಡು ಎಂದು ಬಿಡಿಸಿ ಹೇಳುವಷ್ಟರಲ್ಲಿ ತವೆಯ ಮೇಲಿನ ರೊಟ್ಟಿ ಹೊತ್ತಿತ್ತು. ಅವ್ವನಿಗೆ ನಿರಾಸೆಯಾಯಿತೋ ನಗು ಬಂತೋ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಕೂತಳು. ಆಮೇಲೆ ನೋಡಿದರೆ ನಗುತ್ತಿದ್ದಳು.

ಅಷ್ಟರಲ್ಲಿ ತೊಗರಿ ರಾಶಿಯ ಕಾಲ ಮುಗಿಯುತ್ತ ಬಂದಿತ್ತು. ಅತ್ತೆಗೆ ಕಾರ್ಡು ಬರೆದೆ. ಅವಳಿಗೆ ಓದು ಬರಹ ಬರದು; ಯಾರಿಂದಲೋ ಬರೆಸಿದ ಉತ್ತರ ಬಂತು: "ಬಾವಿ ಕಡೆ ಎರಡು ಸಾಲು ಕೊಯ್ದಿಲ್ಲ. ನಿನ್ನ ಸಲುವಾಗಿ ಬಿಟ್ಟೀನಿ. ದನ ಬಾಯಿ ಹಾಕೂದರಾಗ ಬಾ."

ಭಾನುವಾರ ಹೋದೆ. ಹೊಲದಲ್ಲಿ ಅತ್ತೆಯ ಜೊತೆ ಐದಾರು ಹೆಣ್ಣಾಳು ಉಡಿ ಕಟ್ಟಿಕೊಂಡು ನಿಂತಿದ್ದರು. ಎಂಥ ಹುಳ ಎಂದು ಒಬ್ಬಳು ಕೇಳಿದಳು. ಕಣಜ ಎಂದೆ.

"ಕಣಜ ಅಂದ್ರ ಕಾಳ ತುಂಬೂದ, ಇಲ್ಲಾ ಕಡಿಯೂದ?"

"ಕಡಿಯೂ ಜಾತಿದು. ಆದ್ರ ಇದು ನಮಗ ಕಡಿಯಂಗಿಲ್ಲ. ಕಾಳ ಉಳಸ್ತದ," ಎಂದೆ.

"ಹಂಗಾರ ಎರಡೂ ಆತಲ್ಲ," ಎಂದು ಅತ್ತೆ ತೀರ್ಪು ಕೊಟ್ಟಳು.

ಮಧ್ಯಾಹ್ನದ ಹೊತ್ತಿಗೆ ಎರಡು ಚೀಲ ಕಾಯಿ ಆಯಿತು. ತಿರುಗಿ ಬರುವಾಗ ಕುಂಭಾರಿ ಹತ್ತಿರ ಬಸ್ಸಿನ ಕಂಡಕ್ಟರ್ ಚೀಲ ಮುಟ್ಟಿ, "ಹಸಿ ತೊಗರಿ ಏನ್ರಿ? ಒಂದ ಮುಷ್ಟಿ ಕೊಡ್ರಿ," ಎಂದ. "ಎಲ್ಲಾ ಹುಳ ಹತ್ತಿದ್ದಾವ್ರಿ," ಎಂದೆ. ಅವನು ಚೀಲವನ್ನೂ ನನ್ನನ್ನೂ ಒಮ್ಮೆ ನೋಡಿ ಮುಂದಿನ ಸೀಟಿಗೆ ಹೋದ.

ಇಷ್ಟಾಗಿಯೂ ಗಂಡು ಹಿಡಿದದ್ದು ನಾನಲ್ಲ. ಈ ಕಾಯಿ ತುಂಬಿಟ್ಟ ಬಾಟಲಿಗಳಲ್ಲಿ ಒಂದರ ದಾರ ಸಡಿಲಾಗಿದ್ದು ನನ್ನ ಗಮನಕ್ಕೆ ಬಂದಿರಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಕಣಜಗಳು ಹೊರಬಂದು ಅಡುಗೆಮನೆಯ ಕಿಟಕಿ ಗಾಜಿಗೆ ಕೂತಿದ್ದವು. ಅವ್ವ ಒಲೆ ಆರಿಸಿ, ಬಾಗಿಲು ಹಾಕಿ, ಸಂದಿಗೆ ಹಳೆಯ ಸೀರೆ ತುರುಕಿದಳಂತೆ. ಹಿಡಿಯಲು ಏನೂ ಸಿಗದಾಗ ಅಪ್ಪನ ಹೋಮಿಯೋಪತಿ ಶೀಶೆಗಳ ನೆನಪಾಗಿದೆ. ಗುಳಿಗೆಗಳನ್ನೆಲ್ಲ ಒಂದು ಬಟ್ಟಲಿಗೆ ಸುರಿದು, ಖಾಲಿ ಶೀಶೆಯನ್ನು ಗಾಜಿನ ಮೇಲೆ ಒಂದೊಂದೇ ಹುಳಕ್ಕೆ ಮುಚ್ಚಿ, ಬಾಯಿಗೆ ಹತ್ತಿ ಇಟ್ಟಿದ್ದಾಳೆ. ನಾನು ಮನೆಗೆ ಬಂದಾಗ ಕಟ್ಟೆಯ ಮೇಲೆ ಹನ್ನೊಂದು ಶೀಶೆ ಸಾಲಾಗಿ ನಿಂತಿದ್ದವು. ಮನೆಯಲ್ಲಿ ಮಧ್ಯಾಹ್ನದ ಅಡುಗೆ ಆಗಿರಲಿಲ್ಲ.

"ಗಂಡು ಅದಾವೇನು ನೋಡು," ಅಂದಳು.

ಭೂತಗನ್ನಡಿ ಹಿಡಿದು ನೋಡಿದೆ. ನಾಲ್ಕು ಇದ್ದವು. ಹೆಣ್ಣಿಗಿಂತ ಸಣ್ಣವು, ಕಾಲು ಪೂರಾ ಹಳದಿ, ಕುಡಿಮೀಸೆಗೆ ಉದ್ದುದ್ದ ಕೂದಲು. ಅವ್ವನನ್ನು ಅಪ್ಪಿಕೊಂಡೆ. ಅಪ್ಪ ಸಂಜೆ ಬಂದು ಬಟ್ಟಲಲ್ಲಿ ಬೆರಳಾಡಿಸಿ ನೋಡಿದರು. ಬಿಳಿ ಗುಳಿಗೆಯಲ್ಲಿ ಸಂಧಿವಾತದ್ದು ಯಾವುದು, ಪಿತ್ತದ್ದು ಯಾವುದು ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ಆ ಬೇಸಿಗೆಯಿಡೀ ಬಟ್ಟಲಿನಿಂದಲೇ ದಿನಕ್ಕೆ ನಾಲ್ಕು ನುಂಗಿದರು. ಎಂದಿನಂತೆಯೇ ಇದ್ದರು.

ಇನ್ನು ಚಿತ್ರ ಬರೆಯಬೇಕಿತ್ತು. ಹೊಸ ಜಾತಿ ಎಂದರೆ ರೆಕ್ಕೆ, ಮೀಸೆ, ಕಾಲು ಎಲ್ಲವನ್ನೂ ಅಳತೆ ತಪ್ಪದೆ ಬರೆದು ತೋರಿಸಬೇಕು. ನನ್ನ ಚಿತ್ರ ನೋಡಿದ ಅಪ್ಪ, "ಇದು ಹುಳ ಏನು ಬೀಸಣಿಕಿ?" ಎಂದು ಕೇಳಿದರು. ಮರುದಿನ ತಮಗೆ ಚಾದರ ನೇಯ್ದು ಕೊಡುತ್ತಿದ್ದ ಅಕ್ಕಲಕೋಟ ರಸ್ತೆಯ ಕಾರಖಾನೆಯಿಂದ ಒಬ್ಬರನ್ನು ಕರೆತಂದರು. ಚಾದರದ ಮೇಲೆ ಬರುವ ನವಿಲು, ಹೂಬಳ್ಳಿಗಳನ್ನು ಚೌಕಳಿ ಕಾಗದದ ಮೇಲೆ ಬರೆದು, ಯಾವ ಎಳೆ ಮೇಲೆ, ಯಾವ ಎಳೆ ಕೆಳಗೆ ಎಂದು ಗುರುತು ಹಾಕುವ ನಕ್ಷೆಯವರು. ಮನೆಮಾತು ತೆಲುಗು, ಐವತ್ತು ದಾಟಿದ ವಯಸ್ಸು, ಮಾತು ಕಡಿಮೆ.

ಕಾಲೇಜಿನಿಂದ ಕೇಳಿ ತಂದಿದ್ದ ಸೂಕ್ಷ್ಮದರ್ಶಕದಲ್ಲಿ ಅವರು ಕಣ್ಣಿಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ, "ಇದರೊಳಗ ಚೌಕಳಿ ಇಲ್ಲೇನ್ರಿ ತಾಯಿ?" ಎಂದರು. ಇಲ್ಲ ಎಂದೆ. ಜೇಬಿನಿಂದ ರೇಶಿಮೆ ನೂಲು ತೆಗೆದು, ಬಿಡಿಸಿ ಬಿಡಿಸಿ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಎಳೆ ಮಾಡಿ, ಸಣ್ಣ ಕಾಗದದ ಬಳೆಗೆ ಅಡ್ಡ ಉದ್ದ ಅಂಟಿಸಿ, ಅದನ್ನು ಕಣ್ಣಿಡುವ ಕೊಳವೆಯೊಳಗೆ ಕೂಡಿಸಿದರು. ಈಗ ಹುಳದ ರೆಕ್ಕೆ ಚೌಕಗಳ ಹಿಂದೆ ಕಂಡಿತು. ಒಂದೊಂದು ಚೌಕವನ್ನೂ ಕಾಗದದ ಚೌಕಕ್ಕೆ ಇಳಿಸುತ್ತ ಹೋದರು. ನಾಲ್ಕು ಭಾನುವಾರ ಬಂದರು. ಅವ್ವ ಕೊಟ್ಟ ಚಹಾ ಪ್ರತಿಸಲ ಆರಿಹೋಗುತ್ತಿತ್ತು.

ಮೂರನೆಯ ಭಾನುವಾರ ಪೆನ್ಸಿಲ್ ಕೆಳಗಿಟ್ಟು ನನ್ನನ್ನು ಕರೆದರು. "ರೆಕ್ಕಿ ಮ್ಯಾಲೆ ಕೂದಲ ಸಾಲ ಅದಾವ ನೋಡ್ರಿ. ನಡಕ ಒಂದ ಕಡೆ ಎಳಿ ತಪ್ಪೇತಿ. ಓರಿ ಪಟ್ಟಿ, ಬೋಳು. ನೇಯಿಗ್ಯಾಗಿದ್ರ ನಾವು ಮಾಲು ತಿರುಗಿ ಕಳಸ್ತೀವಿ."

ನೋಡಿದೆ. ನಿಜ. ಹುಳಕ್ಕೆ ಪೆಟ್ಟಾಗಿ ಕೂದಲು ಉದುರಿರಬಹುದು ಎನಿಸಿ ಇನ್ನೊಂದನ್ನು ಇಟ್ಟೆ. ಅದರಲ್ಲೂ ಅದೇ ಜಾಗದಲ್ಲಿ ಅದೇ ಓರೆ ಪಟ್ಟಿ. ಹನ್ನೊಂದರಲ್ಲೂ ಇತ್ತು. ಪುಸ್ತಕ ತೆಗೆದು ಹತ್ತಿರದ ಜಾತಿಗಳ ರೆಕ್ಕೆ ನೋಡಿದೆ. ಅವುಗಳ ಬೋಳು ಪಟ್ಟಿ ಬೇರೆ ಕಡೆ, ನೆಟ್ಟಗೆ. ಎರಡು ತಿಂಗಳು ನೋಡಿಯೂ ನನಗೆ ಕಾಣದ್ದು ಅವರಿಗೆ ಕಂಡಿತ್ತು. "ಇದು ತಪ್ಪಲ್ರಿ. ಇದ ಅದರ ಗುರುತು," ಎಂದೆ.

ಅವರು ಮತ್ತೆ ಕಣ್ಣಿಟ್ಟು ನೋಡಿದರು. "ಹಂಗಾದ್ರ ಬರೋಬರ್ ನೇಯ್ದಾನ," ಎಂದು ಮೆಲ್ಲಗೆ ಅಂದು ಪೆನ್ಸಿಲ್ ಎತ್ತಿಕೊಂಡರು.

ವಿವರಣೆ ಬರೆದು ದಿಲ್ಲಿಗೆ ಕಳಿಸಿದೆ. ರೆಕ್ಕೆಯ ಚಿತ್ರ ಯಾರದು, ಕೈಗೆ ಮುತ್ತಿಡಬೇಕು ಎಂದು ತಜ್ಞರು ಬರೆದರು. ಅದನ್ನು ಅನುವಾದಿಸಿ ಹೇಳಿದಾಗ ನಕ್ಷೆಯವರು ಎರಡೂ ಕೈ ಬೆನ್ನಹಿಂದೆ ಇಟ್ಟುಕೊಂಡರು.

ಮುಂದಿನ ವರ್ಷ ಲೇಖನ ಅಚ್ಚಾಗಿ ಬಂತು. ಒಂದು ಪ್ರತಿ ಹಿಡಿದು ಅತ್ತೆಯ ಊರಿಗೆ ಹೋದೆ. ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಣ್ಣಾಳುಗಳೂ ಸುತ್ತ ಕೂತರು. "ಓದು," ಅಂದಳು ಅತ್ತೆ. ಇಂಗ್ಲಿಷಿನ ಸಾಲುಗಳನ್ನು ನೋಡುತ್ತ ಬಾಯಿಂದ ನಮ್ಮ ಮಾತಿನಲ್ಲಿ ಹೇಳುತ್ತ ಹೋದೆ. "ಹೆಣ್ಣು ಹುಳ. ತಲಿ ಮ್ಯಾಲಿಂದ ನೋಡಿದ್ರ ಎದಿಗಿಂತ ಅಗಲ. ಕಣ್ಣು ಕೆಂಪು. ಎದಿ ಹಸರು, ಬಿಸಲಿಗೆ ಹಿಡದ್ರ ತಾಂಬ್ರದ ಬಣ್ಣ. ತೊಡಿ ಕರಿ, ಮೊಣಕಾಲ ಕೆಳಗ ಹಳದಿ. ನಡಾ ಸಣ್ಣದು."

ಒಬ್ಬ ಮುದುಕಿ ಮೆಣಸಿನಕಾಯಿ ಕೆಳಗಿಟ್ಟಳು. "ಇಷ್ಟ ನಿಗಾ ಇಟ್ಟು ನನ್ನ ಮದಿವ್ಯಾಗೂ ಯಾರೂ ನೋಡಿಲ್ಲವಾ," ಅಂದಳು. ಅಂಗಳವೆಲ್ಲ ನಕ್ಕಿತು.

"ಹೆಸರೇನ ಇಟ್ಟಿ?" ಅತ್ತೆ ಕೇಳಿದಳು.

"ನಿಮ್ಮ ಊರ ಹೆಸರ ಇಟ್ಟೀನಿ. ಕೊನಿಗೆ ಲ್ಯಾಟಿನ್ ಬಾಲ ಹಚ್ಚಬೇಕಾಗ್ತದ, ಅದು ಪದ್ಧತಿ."

ಹೆಸರನ್ನು ಓದಿ ಹೇಳಿದೆ. ಅತ್ತೆ ಅದನ್ನು ಬಾಲದ ಸಮೇತ ಎರಡು ಸಲ ಅಂದು ನೋಡಿದಳು, ಮೂರನೆಯ ಸಲಕ್ಕೆ ನಾಲಿಗೆ ಹೊರಳಿತು. ಕೈಯ ಖಾರ ಸೆರಗಿಗೆ ಒರೆಸಿಕೊಂಡು, ಅಚ್ಚಾದ ಆ ಶಬ್ದದ ಕೆಳಗೆ ಬೆರಳಿಟ್ಟು, "ಎಲ್ಲಾರೂ ಬಂದು ನೋಡ್ರಿ," ಎಂದಳು. ಒಬ್ಬೊಬ್ಬರೇ ಎದ್ದು ಬಂದು ಬಗ್ಗಿ ನೋಡಿದರು. ಆಮೇಲೆ ಅತ್ತೆ ಮತ್ತೆ ಗೋಡೆಗೆ ಒರಗಿ ಕೂತು, "ನಡಾ ಸಣ್ಣದು ಅಂದಿ. ಅಲ್ಲಿಂದ ಮುಂದ ಓದು," ಎಂದಳು.