ಸುಶೀಲಕುಮಾರನ ತಿಂಗಳ ಗುರಿ

ಬೀದರಿನ ಆಮ್ರಪಾಲಿಗೆ ಸಿಟ್ಟು ಬರುವುದು ಕಡಿಮೆ, ತಾತ್ಸಾರ ಬರುವುದೇ ಹೆಚ್ಚು. ಸಿಟ್ಟು ಮಾಡಬೇಕಾದರೆ ಎದುರಿಗಿದ್ದವರಿಗೆ ಅಷ್ಟಾದರೂ ಯೋಗ್ಯತೆ ಇರಬೇಕು ಎಂಬುದು ಅವಳ ಅಭಿಪ್ರಾಯ. ಗಂಡ ಸುಶೀಲಕುಮಾರನಿಗೆ ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ಆ ಯೋಗ್ಯತೆ ಒಮ್ಮೆಯೂ ಬಂದಿರಲಿಲ್ಲ.

ಅವಳು ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ, ಹೆಗಲಿಗೆ ಚೀಲ, ಚೀಲದಲ್ಲಿ ರಜಿಸ್ಟರು, ಕೂಸು ತೂಗುವ ತೂಕದ ಜೋಳಿಗೆ. ಊರ ನಡುವಿನ ಹಳೆಯ ಗೋಪುರ ಚೌಬಾರಾದ ಹಿಂದಿನ ಗಲ್ಲಿಗಳು ಅವಳ ಪಾಲಿನವು. ಎರಡು ವರ್ಷದ ಹಿಂದೆ ಊರಂಚಿನ ಮೈಲೂರ ಕಡೆ ನೋಡಿಕೊಳ್ಳುತ್ತಿದ್ದ ಸಿದ್ದೇಶ್ವರಿ ಕೆಲಸ ಬಿಟ್ಟು ಔರಾದಿಗೆ ಹೋದಳು. "ಒಂದೆರಡು ತಿಂಗಳು ಸಂಭಾಳಸ್ರಿ" ಎಂದು ಆ ಓಣಿಗಳನ್ನೂ ಇವಳಿಗೇ ಅಂಟಿಸಿದರು. ಸರಕಾರದ ಒಂದೆರಡು ತಿಂಗಳು ಎಷ್ಟು ಉದ್ದವಿರುತ್ತದೆ ಎಂಬುದು ಅವಳಿಗೆ ಆಮೇಲೆ ಗೊತ್ತಾಯಿತು.

ತಿಂಗಳ ಗುರಿ ಎಂಬ ಮಾತು ಅವಳಿಗೆ ಹೊಸದಲ್ಲ. ಇಷ್ಟು ಬಸುರಿಯರ ಹೆಸರು ಬರೆಸಬೇಕು, ಇಷ್ಟು ಕೂಸುಗಳಿಗೆ ಸೂಜಿ ಹಾಕಿಸಬೇಕು, ಇಷ್ಟು ಮನೆಗಳ ನೀರಿನ ತೊಟ್ಟಿಗೆ ಇಣುಕಿ ಸೊಳ್ಳೆಮರಿ ಹುಡುಕಬೇಕು. ಒಂದು ಕಡಿಮೆಯಾದರೆ ಮೀಟಿಂಗಿನಲ್ಲಿ ಎದ್ದು ನಿಂತು ಬೈಸಿಕೊಳ್ಳಬೇಕು. ಪೂರ್ತಿಯಾದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಅಂಥ ಮನೆಯಲ್ಲಿ ಜನವರಿ ಒಂದನೇ ತಾರೀಖು ಸುಶೀಲಕುಮಾರ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ. ಲ್ಯಾಮಿನೇಶನ್ ಬೇರೆ. ಮೇಲೆ ದಪ್ಪ ಅಕ್ಷರದಲ್ಲಿ 'ನನ್ನ ಮೊದಲ ಮ್ಯಾರಥಾನ್'. ಕೆಳಗೆ ತಿಂಗಳಿಗೊಂದು ಗುರಿ: ಜನವರಿಗೆ ಅರವತ್ತು ಕಿಲೋಮೀಟರು, ಫೆಬ್ರವರಿಗೆ ಎಂಬತ್ತು, ಮಾರ್ಚಿಗೆ ನೂರು, ಹೀಗೇ ಏರುತ್ತ ಜೂನಿಗೆ ಇನ್ನೂರು. ಆಗಸ್ಟಿನಲ್ಲಿ ಹೈದರಾಬಾದಿಗೆ ಹೋಗಿ ನಲವತ್ತೆರಡು ಕಿಲೋಮೀಟರು ಓಡುವುದು. ಕಚೇರಿಯಲ್ಲಿ ಗುಮಾಸ್ತನಾಗಿದ್ದು, ಎದುರಿನ ಕಪಾಟಿನಿಂದ ಒಂದು ಕಡತ ತರಲೂ ಜವಾನನನ್ನು ಕೂಗುವ ಗಂಡಸು ಈ ಮಾತು ಬರೆದಿದ್ದ. ಆಮ್ರಪಾಲಿ ಹಾಳೆಯನ್ನು ಮೇಲಿಂದ ಕೆಳಗೆ ಓದಿ, ಫ್ರಿಜ್ಜು ತೆರೆದು ಹಾಲು ತೆಗೆದುಕೊಂಡಳು.

ಬೂಟು ಬಂತು. ಬೆವರು ಹೀರುವ ಅಂಗಿ ಬಂತು. ಎಲ್ಲಿ ಹೋದೆ, ಎಷ್ಟು ಹೋದೆ, ಎದೆ ಎಷ್ಟು ಬಡಿಯಿತು ಎಂದು ನಕ್ಷೆ ಸಮೇತ ತೋರಿಸುವ ವಾಚು ಬಂತು. ಬೆಳಗಿನ ಓಟಗಾರರ ಬಳಗವೊಂದಿತ್ತು. ಅದರ ಅಧ್ಯಕ್ಷ ಕಪಿಲ ಬೂಟಿನಂಗಡಿಯವನು, ಹಾಗಾಗಿ ಊರೆಲ್ಲ ಓಡಲಿ ಎಂದು ಅವನಿಗೆ ಬಹಳ ಆಸೆ. ಬಳಗದವರು ಕೋಟೆಯ ಬಾಗಿಲ ತನಕ ಓಡಿ, ಅಲ್ಲಿ ಫೋಟೊ ತೆಗೆಸಿಕೊಂಡು, ಚಹಾ ಕುಡಿದು, ಆಟೊದಲ್ಲಿ ಮನೆಗೆ ಬರುತ್ತಿದ್ದರು.

ಡಾಬಕಾದಿಂದ ಆಮ್ರಪಾಲಿಯ ಅವ್ವ ಜಿಜಾಬಾಯಿ ಫೋನು ಮಾಡಿ ಗಾಬರಿಯಿಂದ ಕೇಳಿದಳು, "ಅಳಿಯಾ ಮುಂಜಾನಿ ಎದ್ದು ಓಡ್ಲತ್ತಾರಂತ, ಖರೆ ಏನ? ಯಾರ ಬೆನ್ನ ಹತ್ಯಾರವ್ವ?"

"ಯಾರೂ ಹತ್ತಿಲ್ಲ ಯವ್ವಾ. ಹತ್ತಿದ್ರ ಜರಾ ಜೋರ ಓಡ್ತಿದ್ರು" ಎಂದಳು ಆಮ್ರಪಾಲಿ.

ಆ ಫೆಬ್ರವರಿಯಲ್ಲೇ ಅವಳ ಕೈಯಿಂದ ಒಂದು ತಪ್ಪಾಯಿತು. ಹೆರಿಗೆಯಾದ ಮೂರನೇ ದಿನ ಬಾಣಂತಿಯ ಮನೆಗೆ ಹೋಗಿ ಕೂಸನ್ನು ನೋಡಲೇಬೇಕು. ಚೌಬಾರಾ ಹಿಂದಿನ ತರನ್ನುಮಳ ಮೂರನೇ ದಿನವೂ ಮೈಲೂರ ಕಡೆಯ ಇನ್ನಿಬ್ಬರದೂ ಒಟ್ಟಿಗೇ ಬಿದ್ದವು. ಇವಳು ತರನ್ನುಮಳ ಮನೆ ಮುಟ್ಟುವಾಗ ಐದನೇ ದಿನ. ಕೂಸು ಮೊಲೆ ಹಿಡಿಯುವುದನ್ನೇ ಬಿಟ್ಟಿತ್ತು, ಅಳುವುದಕ್ಕೂ ತ್ರಾಣವಿರಲಿಲ್ಲ. ಆಟೊದಲ್ಲಿ ದವಾಖಾನೆಗೆ ಒಯ್ದರು. ಬದುಕಿತು. "ನೀವು ಬರ್ತೀರಂತ ದಾರಿ ನೋಡ್ಕೋತ ಕುಂತಿದ್ದೆ, ಆಪಾ" ಎಂದಳು ತರನ್ನುಮ. ಬೈದಿದ್ದರೆ ಚೆನ್ನಾಗಿತ್ತು. ಇನ್ನೊಂದು ಕೂಸಿಗೆ ಹೀಗಾದರೆ ತಾನು ಆ ಗಲ್ಲಿಯಲ್ಲಿ ಮುಖ ಎತ್ತುವುದು ಹೇಗೆ?

ಮೈಲೂರ ಕಡೆ ಬೇರೆಯವರನ್ನು ಹಾಕಿರೆಂದು ಅರ್ಜಿ ಹಿಡಿದು ಆರೋಗ್ಯ ಕೇಂದ್ರದ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಫೋನಿನಿಂದ ಕಣ್ಣೆತ್ತಲಿಲ್ಲ.

"ಎರಡು ಓಣಿ ಮ್ಯಾಡಂ. ಎಲ್ಲಾ ಕೂಡಿ ಅರ್ಧ ತಾಸಿಂದ ಕೆಲಸ. ದಿನಾ ಎಷ್ಟ ನಡೀತೀರಿ ಅಂತ ಪುರಾವಾ ತೋರಸ್ರಿ, ಆಮ್ಯಾಲ ನೋಡೋಣ."

ಪುರಾವೆ ಎಲ್ಲಿಂದ ತರುವುದು? ಸವೆದ ಚಪ್ಪಲಿ ತೋರಿಸಲೇ? ಅರ್ಜಿ ಮಡಚಿ ಚೀಲಕ್ಕೆ ಹಾಕಿಕೊಂಡು ಬಂದಳು.

ಇತ್ತ ಸುಶೀಲಕುಮಾರ ಜನವರಿಯ ಗುರಿಯನ್ನೂ ಮುಟ್ಟಲಿಲ್ಲ, ಫೆಬ್ರವರಿಯದನ್ನೂ ಮುಟ್ಟಲಿಲ್ಲ. ಮಾರ್ಚ್ ಇಪ್ಪತ್ತೆರಡಕ್ಕೆ ಅವನ ಲೆಕ್ಕ ಮೂವತ್ತೊಂದು ಕಿಲೋಮೀಟರಿನಲ್ಲಿ ಕಾಲು ಮುರಿದುಕೊಂಡು ಬಿದ್ದಿತ್ತು. ಆ ದಿನ ಬೆಳಿಗ್ಗೆ ಅವಳು ಚೀಲ ಹೆಗಲಿಗೇರಿಸುವಾಗ ಅವನು ವಾಚು ಬಿಚ್ಚಿ ಮುಂದೆ ಹಿಡಿದ.

"ಇದು ನೀ ಹಾಕ್ಕೊಂಡ ಹೋಗು. ತಿಂಗಳ ಮುಗೀಲತದ."

"ಗುರಿ ನಿಮ್ದು, ಕಾಲು ನಂದಾ?"

"ಗಂಡ ಹೆಂಡತಿ ಅಂದ್ರ ಬ್ಯಾರೆ ಬ್ಯಾರೆ ಏನ?"

"ಹಂಗಿದ್ರ ನಾಳಿ ಮೀಟಿಂಗಿಗೆ ನೀವೇ ಹೋಗಿ ಬೈಸ್ಕೊಂಡ ಬರ್ರಿ."

ಆದರೂ ಹಾಕಿಕೊಂಡಳು, ಅವನ ಜೊತೆ ವಾದ ಮಾಡುವುದಕ್ಕಿಂತ ಅದು ಹಗುರ. ಹೊರಡುವಾಗ ಗುಂಡಿ ಒತ್ತಿದಳು, ಬಂದ ಮೇಲೆ ಒತ್ತಿದಳು. ಸಂಜೆ ಸುಶೀಲಕುಮಾರ ವಾಚು ನೋಡಿ ಕೇಕೆ ಹಾಕಿದ. ಒಂಬತ್ತು ಪಾಯಿಂಟ್ ನಾಲ್ಕು! ಅವನು ಕುಣಿಯುತ್ತಿದ್ದರೆ ಆಮ್ರಪಾಲಿ ಆ ಅಂಕಿಯನ್ನೇ ನೋಡುತ್ತ ನಿಂತಳು. ಎರಡು ವರ್ಷದಿಂದ ರಾತ್ರಿ ಮೀನಖಂಡ ಏಕೆ ಸಿಡಿಯುತ್ತದೆ ಎಂದು ಅವಳಿಗೆ ಮೊದಲ ಸಲ ಯಾರೋ ಉತ್ತರ ಹೇಳಿದಂತಾಗಿತ್ತು. ರಜಿಸ್ಟರಿನ ಕೊನೆಯ ಪುಟದಲ್ಲಿ ತಾರೀಖು ಹಾಕಿ ಬರೆದುಕೊಂಡಳು: 9.4.

ಮಾರ್ಚ್ ತಿಂಗಳ ನೂರು ಕಿಲೋಮೀಟರು ಮೂವತ್ತನೇ ತಾರೀಖಿಗೇ ಮುಗಿಯಿತು. ಏಪ್ರಿಲ್ಲಿನಿಂದ ಸುಶೀಲಕುಮಾರನಿಗೆ ಏಳುವ ಕಷ್ಟವೂ ಉಳಿಯಲಿಲ್ಲ. ಅವಳು ನಡೆದದ್ದನ್ನು 'ನಿಧಾನ ಓಟ' ಎಂದು ಹೆಸರಿಟ್ಟು ಬಳಗದ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದ. ಹೆಬ್ಬೆರಳುಗಳ ಸುರಿಮಳೆ. ಕಪಿಲನಂತೂ ಅವನ ಎದೆಬಡಿತ ನೋಡಿ ಬೆರಗಾದ: ಇಷ್ಟು ಓಡಿದರೂ ಎಷ್ಟು ಶಾಂತ, ಎಂಥ ಹೃದಯ! ಹೃದಯವೇನೋ ಶಾಂತವೇ ಇತ್ತು, ಅದು ಆ ಹೊತ್ತಿಗೆ ಗಲ್ಲಿಯ ಸುಗರಾಬಿಯವರ ಪಡಸಾಲೆಯಲ್ಲಿ ಕುಳಿತು ತಾಯಿ ಕಾರ್ಡು ತುಂಬುತ್ತಿತ್ತು.

ಒಂದು ರಾತ್ರಿ ಊಟಕ್ಕೆ ಕುಳಿತಾಗ ಅವಳು ಕೇಳಿದಳು.

"ರೀ, ಆ ವಾಚಿಂದು ಎಲ್ಲಾ ದಿನದ್ದು ಕಾಗದದ ಮ್ಯಾಲ ತೆಗದು ಕೊಡ್ರಿ. ಡಾಕ್ಟರಿಗಿ ತೋರಸ್ತೀನಿ."

ಅವನ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. "ಹುಚ್ಚ ಹಿಡದದ ಏನ ನಿಂಗ? ಅದು ನನ್ನ ಹೆಸರಿಲಿ ಅದ. ನನ್ನ ಇಜ್ಜತ್ ಏನಾಗಬೇಕು? ಆಗಸ್ಟ ಮುಗೀಲಿ, ನಿಂಗೇ ಕೊಡ್ತೀನಿ."

"ಅಲ್ಲಿತನಾ ಕೂಸುಗೋಳು ಕಾಯ್ತಾವ ಏನ?"

"ನಾಕು ತಿಂಗಳದ ಮಾತು. ಇಷ್ಟು ದಿನ ನಡ್ದಿ, ಇನ್ನಾ ಜರಾ ನಡಿ."

ಆಗ ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಮತ್ತೆ ಅದೇ ತಾತ್ಸಾರ, ಈ ಸಲ ಬುಡದ ತನಕ. ಮರುದಿನ ತಾನೇ ಬರೆದಿಟ್ಟ ಕೊನೆಯ ಪುಟವನ್ನು ಡಾಕ್ಟರಿಗೆ ತೋರಿಸಿದಳು. "ಬರ್ಯೋರ ಕೈಯಾಗ ಪೆನ್ನದ, ನೂರಂತ ಭಿ ಬರೀಬಹುದು" ಎಂದು ಡಾಕ್ಟರು ನಕ್ಕರು. ಆದರೂ ಅವಳು ದಿನಾ ವಾಚು ಕಟ್ಟುವುದನ್ನೂ ಲೆಕ್ಕ ಬರೆಯುವುದನ್ನೂ ಬಿಡಲಿಲ್ಲ.

ನಮ್ಮ ಕಡೆ ಸನ್ಮಾನಕ್ಕೆ ಕೆಲಸ ಮುಗಿಯಬೇಕೆಂದೇನೂ ಇಲ್ಲ. ಮಾಡುತ್ತೇನೆ ಎಂದರೆ ಸಾಕು, ಶಾಲು ತಯಾರು. ಮೇ ತಿಂಗಳಲ್ಲಿ ಸುಶೀಲಕುಮಾರನ ಹುಟ್ಟೂರು ಭಾತಂಬ್ರಾದಲ್ಲಿ ಅವನಿಗೆ ಒಂದು ಶಾಲು, ಭಾಲ್ಕಿಯಲ್ಲಿ ಇನ್ನೊಂದು. ಭಾಲ್ಕಿ ಬಸ್ ಸ್ಟ್ಯಾಂಡಿನ ಎದುರು ಕಾಕನ ಮಗ ಫ್ಲೆಕ್ಸ್ ಕಟ್ಟಿಸಿದ್ದ: 'ಮ್ಯಾರಥಾನ್ ವೀರ'. ಅದರಲ್ಲಿ ಸುಶೀಲಕುಮಾರ ಎದೆಯುಬ್ಬಿಸಿ ಓಡುತ್ತಿದ್ದ. ಆ ಕಾಲುಗಳು ಮಾತ್ರ ಯಾವನೋ ಪರದೇಶಿ ಓಟಗಾರನವು, ಕಂಪ್ಯೂಟರಿನಲ್ಲಿ ಜೋಡಿಸಿದ್ದು. ಅಲ್ಲಿಯೂ ಬೇರೆಯವರ ಕಾಲೇ! ಆಮ್ರಪಾಲಿ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿ ಎಷ್ಟೋ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮೂರನೆಯ ಸನ್ಮಾನ ಜುಲೈಯಲ್ಲಿ ಬೀದರಿನಲ್ಲೇ, ಓಟಗಾರರ ಬಳಗದಿಂದ. ಜೂನಿನಲ್ಲಿ ಇನ್ನೂರಾ ನಾಲ್ಕು ಕಿಲೋಮೀಟರು ಮುಗಿಸಿದ ಸಾಧಕ! ಹೆಂಡತಿ ಮುಂದಿನ ಸಾಲಿನಲ್ಲಿ ಕೂರಬೇಕೆಂದು ಫೋನ್ ಮೇಲೆ ಫೋನು. ಅವಳು ಕೆಲಸದಿಂದ ನೇರ ಬಂದಳು, ಅದೇ ಗುಲಾಬಿ ಸೀರೆ, ಅದೇ ಚೀಲ. ವೇದಿಕೆಯ ಮೇಲೆ ಮುಖ್ಯ ಅತಿಥಿಯಾಗಿ ಕುಳಿತವರು ಅವಳ ಡಾಕ್ಟರು.

ಶಾಲು ಹೊದಿಸಿದರು, ಪೇಟಾ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು. ಕಪಿಲ ಗೋಡೆಯ ಮೇಲೆ ಬೆಳಕು ಬಿಟ್ಟು ನಕ್ಷೆ ತೋರಿಸಿದ. ಇಡೀ ಜೂನ್ ತಿಂಗಳ ಓಟ, ಕೆಂಪು ಗೆರೆಯಲ್ಲಿ, ಪಕ್ಕದಲ್ಲಿ ದಿನದಿನದ ಲೆಕ್ಕ, ಎಲ್ಲಿ ಎಷ್ಟು ನಿಮಿಷ ನಿಂತದ್ದು ಎಂಬುದೂ. ಗೆರೆ ಚೌಬಾರಾದ ಹಿಂದೆ ಗಲ್ಲಿಗಲ್ಲಿ ನುಗ್ಗಿ, ಮೈಲೂರಿಗೆ ಹಾರಿ, ಅಲ್ಲಿ ಸಂದಿಸಂದಿ ಹೊಕ್ಕು ಮತ್ತೆ ಬರುತ್ತಿತ್ತು. ಸುಶೀಲಕುಮಾರ ಇದನ್ನು ನಿರೀಕ್ಷಿಸಿರಲಿಲ್ಲ. ಪೇಟಾದ ಕೆಳಗೆ ಅವನ ಮುಖ ಬೆವರಿತು. ಏಪ್ರಿಲ್ಲಿನಿಂದ ಈಚೆಗೆ ಅವನು ಸ್ವಂತಕ್ಕೆ ಬೆವರಿದ್ದು ಬಹುಶಃ ಅದೇ ಮೊದಲು.

ಡಾಕ್ಟರು ಮೈಕು ಹಿಡಿದರು.

"ಇವ್ರನ್ನ ನೋಡ್ರಿ. ನೌಕರಿ ಮಾಡಿ ಭಿ ದಿನಾ ಎಂಟು, ಒಂಬತ್ತು ಕಿಲೋಮೀಟರ. ನಮ್ಮ ಕಡೆ ಕೆಲವ್ರು ಇದ್ದಾರ, ಎರಡು ಓಣಿ ತಿರಗಲಾಕ ಆಗಲ್ಲಂತ ಅರ್ಜಿ ಹಿಡ್ಕೊಂಡ ಬರ್ತಾರ. ಆಮ್ರಪಾಲಿ ಮ್ಯಾಡಂ, ಮನಿಯಾಗೇ ಇಂಥವ್ರ ಇದ್ದಾರ, ಜರಾ ಕಲೀರಿ!"

ಜನ ನಕ್ಕರು. ಆಮ್ರಪಾಲಿ ಎದ್ದು ನಿಂತಳು.

"ಕಲೀಬೇಕಂತೇ ಎದ್ದೀನ್ರಿ ಸರ. ಒಂದು ಮಾತ ಕೇಳ್ತೀನಿ ಇವ್ರಿಗಿ." ಗಂಡನ ಕಡೆ ತಿರುಗಿದಳು. "ಚೌಬಾರಾ ಹಿಂದ ಕೊನೀ ಗಲ್ಲಿ, ಗೆರಿ ಹೋಗಿ ನಿಂತದ ನೋಡ್ರಿ. ಜೂನದಾಗ ಅಲ್ಲಿ ಒಂಬತ್ತ ಸಲ ಹೋಗೀರಿ. ಆ ಮನಿ ಬಾಗಲದ ಬಣ್ಣ ಯಾವದು?"

"ಆಮ್ರಪಾಲಿ, ಕೂಡು" ಎಂದ ಸುಶೀಲಕುಮಾರ ಹಲ್ಲು ಕಚ್ಚಿ.

"ಬಣ್ಣ ಹೇಳ್ರಿ, ಕೂಡ್ತೀನಿ."

"ಓಡೋ ಮುಂದ ಬಾಗಲಾ ಯಾರ ನೋಡ್ತಾರ? ಹಸರ... ಹಸರ ಬಾಗಲಾ."

"ಅದಕ್ಕ ಬಾಗಲಾನೇ ಇಲ್ರಿ. ಪರದಾ ಅದ." ಅವಳು ಡಾಕ್ಟರ ಕಡೆ ತಿರುಗಿದಳು. "ತರನ್ನುಮ ಮನಿ ಅದು ಸರ. ಹದಿನೇಳನೇ ತಾರೀಖ ಗೆರಿ ಅಲ್ಲಿ ಇಪ್ಪತ್ತೆರಡು ನಿಮಿಷ ನಿಂತದ. ಓಡೋರು ಯಾಕ ನಿಂದರ್ತಾರ? ನಾ ಕೂಸಿನ ತೂಕ ಮಾಡ್ಲತ್ತಿದ್ದೆ. ಎರಡು ಓಣಿ ಅಂದ್ರಲ್ಲ, ಗ್ವಾಡಿ ಮ್ಯಾಲ ಅವ ನೋಡ್ರಿ ನಿಮ್ಮ ಎರಡು ಓಣಿ."

ರಜಿಸ್ಟರು ತೆಗೆದು, ವೇದಿಕೆ ಹತ್ತಿ, ಕೊನೆಯ ಪುಟವನ್ನು ಅವರ ಮುಂದೆ ಬಿಡಿಸಿಟ್ಟಳು. ಗೋಡೆಯ ಮೇಲಿನ ಲೆಕ್ಕ, ಪುಟದ ಲೆಕ್ಕ, ದಿನಕ್ಕೆ ದಿನ ಒಂದೇ. ಡಾಕ್ಟರು ಇದನ್ನು ನೋಡಿದರು, ಅದನ್ನು ನೋಡಿದರು, ನೀರು ಕುಡಿದರು. ಕಪಿಲ ಬೆಳಕು ಆರಿಸಲು ಹೋದರೆ ಹಿಂದಿನ ಸಾಲಿನಿಂದ ಯಾರೋ "ಏ, ಇರಲಿ, ಇರಲಿ" ಎಂದು ಕೂಗಿದರು.

"ಸೋಮವಾರ ಆಫೀಸಿಗಿ ಬರ್ರಿ ಮ್ಯಾಡಂ, ನೋಡೋಣ."

"ಸೋಮವಾರ ಎರಡೂ ಕಡಿ ಬಾಣಂತೇರು ಇದ್ದಾರ್ರಿ." ಫೆಬ್ರವರಿಯಿಂದ ಚೀಲದಲ್ಲೇ ಮಡಚಿಕೊಂಡು ಕುಳಿತಿದ್ದ ಅರ್ಜಿಯನ್ನು ಅವಳು ಮೇಜಿನ ಮೇಲಿಟ್ಟಳು. "ಇಲ್ಲೇ ಸೈ ಮಾಡ್ರಿ."

ಅಷ್ಟು ಜನರ ಎದುರು ಡಾಕ್ಟರು ಸಹಿ ಮಾಡಿದರು. ಆಗಸ್ಟ್ ಒಂದಕ್ಕೆ ಗುಡಿಯಾ ಎಂಬ ಹೊಸ ಹುಡುಗಿ ಮೈಲೂರ ಕಡೆ ಬಂದಳು.

ಸುಶೀಲಕುಮಾರ ಹದಿನೈದು ದಿನ ಹೆಂಡತಿಯ ಜೊತೆ ಮಾತು ಬಿಟ್ಟ. ಮನೆಯಲ್ಲಿ ಒಳ್ಳೆಯ ಶಾಂತಿಯಿತ್ತು. ಮೂರು ಶಾಲು ತೆಗೆದುಕೊಂಡು ಆಗಿತ್ತು, ಹಾಗಾಗಿ ಹೈದರಾಬಾದಿಗೆ ಹೋಗದೆ ಗತಿಯಿರಲಿಲ್ಲ. ಹೋದ. ಹನ್ನೊಂದನೇ ಕಿಲೋಮೀಟರಿಗೆ ರಸ್ತೆಯ ಬದಿ ಕುಳಿತವನನ್ನು ಗಾಡಿಯಲ್ಲಿ ಎತ್ತಿ ಹಾಕಿಕೊಂಡು ಬಂದರಂತೆ. ಮಂಡಿಯದೇ ತಪ್ಪು ಎಂದು ಊರಿಗೆಲ್ಲ ಹೇಳಿದ. ವಾಚನ್ನು ಫ್ರಿಜ್ಜಿನ ಮೇಲೆ ಎಸೆದುಬಿಟ್ಟ.

ಮರುದಿನ ಆಮ್ರಪಾಲಿ ಅದನ್ನು ಒರೆಸಿ, ಯಾರನ್ನೂ ಕೇಳದೆ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ಈಗ ಚೌಬಾರಾ ಹಿಂದಿನ ಗಲ್ಲಿಗಳದ್ದಷ್ಟೇ ಕೆಲಸ. ಆ ದಿನ ಹೋಗಬೇಕಿದ್ದ ಪ್ರತಿ ಬಾಣಂತಿಯ ಮನೆಯನ್ನೂ ಮುಟ್ಟಿದಳು. ತರನ್ನುಮಳ ಮನೆಯಲ್ಲಿ ಕೂತು ಚಹಾ ಕುಡಿದಳು. ಕೂಸು ಅವಳ ಕನ್ನಡಕ ಎಳೆಯಿತು. ಸಂಜೆ ಬಂದು ಕೈ ತೊಳೆಯಲು ವಾಚು ಬಿಚ್ಚಿಟ್ಟಾಗ, ಕಾಲಿಗೆ ಮುಲಾಮು ತಿಕ್ಕಿಕೊಳ್ಳುತ್ತ ಕುಳಿತಿದ್ದ ಸುಶೀಲಕುಮಾರ ಕತ್ತು ಚಾಚಿ ಅಂಕಿ ನೋಡಿದ. ನಾಲ್ಕು ಪಾಯಿಂಟ್ ಒಂದು.

"ಇಷ್ಟೇ ಏನ?" ಎಂದ, ಬಾಯಿ ತಡೆಯದೆ.

"ಹೂಂ, ಇಷ್ಟೇ" ಎಂದಳು ಆಮ್ರಪಾಲಿ. "ಉಳದದ್ದು ನೀವು ಓಡ್ರಿ."